ಎಣ್ಣೆಬಟ್ಟೆಯ ಸಾಲು

ಎಫಿ ಆ ಕೆಲಸಕ್ಕೆ ಕೈ ಹಾಕಿದ್ದು ಶುಕ್ರವಾರ ಮಧ್ಯಾಹ್ನ, ಶಾಲೆಯ ಅಡುಗೆಮನೆಯ ಪಾತ್ರೆಗಳನ್ನೆಲ್ಲ ತೊಳೆದಿಟ್ಟು ಮನೆಗೆ ಬಂದ ಮೇಲೆ. ಮರುದಿನ ಡನ್‌ಫ್ಯಾರಿಕ್ ಕೋಟೆಯ ಬಯಲಿನಲ್ಲಿ ಹಳೆಯ ಕಾರುಗಳ ಕೂಟವಿತ್ತು. ಹಿತ್ತಲಿನ ಶೆಡ್ಡಿನಲ್ಲಿ ಮೂರು ವರ್ಷದಿಂದ ಕದಲದೆ ನಿಂತಿದ್ದ ಕ್ಲೂಟಿ ಈ ಸಲ ಅಲ್ಲಿಗೆ ಹೊರಡುವುದಿತ್ತು. ನೆಂಟರ ಮನೆಗೆ ಹೊರಟ ಮಗುವನ್ನು ಮುಖ ತೊಳೆಸದೆ ಕಳಿಸುವುದುಂಟೇ ಅಂದುಕೊಂಡು ಎಫಿ ಬಕೆಟ್ಟು, ಬ್ರಷ್ಷು, ಪಾಲಿಷ್ ಡಬ್ಬಿ ಎತ್ತಿಕೊಂಡು ಶೆಡ್ಡಿಗೆ ನಡೆದಳು.

ಕ್ಲೂಟಿ ಎಂಬುದು ಕಾರಿನ ಹೆಸರು. ಬಟ್ಟೆಯಲ್ಲಿ ಗಂಟು ಕಟ್ಟಿ ಬೇಯಿಸುವ ಒಣದ್ರಾಕ್ಷಿಯ ಕಡುಬಿಗೆ ಆ ಸೀಮೆಯಲ್ಲಿ ಕ್ಲೂಟಿ ಎನ್ನುತ್ತಾರೆ. ಈ ಕಾರೂ ಹಾಗೇ ಗುಂಡಗೆ, ಕಂದು ಬಣ್ಣಕ್ಕೆ, ಅಲ್ಲಲ್ಲಿ ಬಿರುಕು ಬಿಟ್ಟುಕೊಂಡು ಇತ್ತು. ಹೆಸರಿಟ್ಟವಳು ಲೋರ್ನಾ. ವರ್ಷವರ್ಷವೂ ಅದನ್ನು ಕೋಟೆಗೆ ಓಡಿಸಿಕೊಂಡು ಹೋಗುತ್ತಿದ್ದವಳೂ ಅವಳೇ. ಅವಳು ತೀರಿಕೊಂಡ ಮೇಲೆ ಗಂಡ ಗ್ರೆಗರ್ ಶೆಡ್ಡಿನ ಬಾಗಿಲು ಮುಚ್ಚಿಬಿಟ್ಟ. ಹೋದ ವಸಂತದಲ್ಲಿ ಅವನು ಎಫಿಯನ್ನು ಮದುವೆಯಾದ.

ಲೋರ್ನಾಳ ಮಗಳು ಇಷ್ಬೆಲ್‌ಗೆ ಈಗ ಹದಿನಾರು. ಆ ಹುಡುಗಿ ಎಫಿಯ ಜೊತೆ ಜಗಳವನ್ನೇನೂ ಆಡುತ್ತಿರಲಿಲ್ಲ. ಉಂಡ ತಟ್ಟೆ ತೊಳೆದಿಡುತ್ತಿದ್ದಳು, ಥ್ಯಾಂಕ್ಸ್ ಹೇಳುತ್ತಿದ್ದಳು, ಬಾಡಿಗೆಗೆ ಇರುವವಳ ಹಾಗೆ ಮೆತ್ತಗೆ ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಇದಕ್ಕಿಂತ ಜಗಳವೇ ವಾಸಿ ಎಂದು ಎಫಿಗೆ ಎಷ್ಟೋ ಸಲ ಅನಿಸಿತ್ತು. "ಈ ಸಲ ಕ್ಲೂಟಿನ ಕೋಟೆಗೆ ಕರ್ಕೊಂಡು ಹೋಗೋಣ" ಎಂದು ಗ್ರೆಗರ್ ಬಾಯಿಬಿಟ್ಟು, ಎಂಜಿನ್ ಸರಿಮಾಡಿಟ್ಟ ದಿನ ಮಾತ್ರ ಹುಡುಗಿಯ ಮುಖ ಅರಳಿತ್ತು. ಅರಳಿದ ಆ ಮುಖವನ್ನು ಇನ್ನೊಮ್ಮೆ ನೋಡಬೇಕು, ಅದು ತನ್ನ ಕಡೆ ತಿರುಗಿದ್ದಾಗ ನೋಡಬೇಕು. ಎಫಿಗೆ ಇದ್ದ ಆಸೆ ಅಷ್ಟೇ.

ಎಫಿ ಹುಟ್ಟಿ ಬೆಳೆದದ್ದು ಕಡಲ ದಂಡೆಯ ಮೀನುಗಾರರ ಮನೆಯಲ್ಲಿ. ದೋಣಿಯನ್ನು ಪ್ರೀತಿಸುವುದೆಂದರೆ ಅವರಲ್ಲಿ ಉಜ್ಜುವುದು. ಚಳಿ ಕಳೆದ ಕೂಡಲೇ ಮನೆಮಂದಿಯೆಲ್ಲ ಕೂತು ಪಾಚಿ ಕೆರೆದು, ಹೊಸ ಬಣ್ಣ ಬಳಿದು, ಹಿತ್ತಾಳೆ ಬೆಳಗಿ, ಹೊಳೆಯುವ ದೋಣಿಯನ್ನು ನೀರಿಗಿಳಿಸುವರು. ಕೊಳಕು ದೋಣಿಯ ಮನೆಯವರಿಗೆ ಹೆಣ್ಣು ಕೊಡುವುದಕ್ಕೂ ಜನ ಹಿಂದೆಮುಂದೆ ನೋಡುತ್ತಿದ್ದರು. ಅದೇ ಕೈಯಿಂದ ಎಫಿ ಕ್ಲೂಟಿಯನ್ನು ತಿಕ್ಕಿದಳು. ರೇಡಿಯೇಟರಿನ ಮಂಕು ಕವಚ ಕನ್ನಡಿಯಾಯಿತು. ಸೀಟಿನ ಚರ್ಮಕ್ಕೆ ಸೋಪು ಬಿತ್ತು. ಬಾಗಿಲ ಅಂಚಿನಲ್ಲಿ ಜಿಡ್ಡುಗಟ್ಟಿದ ಕಪ್ಪು ಕಲೆಯೊಂದಿತ್ತು, ಸುಲಭಕ್ಕೆ ಬಿಡಲೇ ಇಲ್ಲ. ಅದನ್ನೂ ಹಟ ಹಿಡಿದು ತೆಗೆದಳು. ಆಮೇಲೆ ಮೈತುಂಬ ಎರಡು ಸಲ ವ್ಯಾಕ್ಸ್ ಹಚ್ಚಿ, ಸೊಂಟ ಹಿಡಿದುಕೊಂಡು ನಿಂತು ನೋಡಿದಳು. ಅವಳಿಗೇ ಹೆಮ್ಮೆಯಾಯಿತು.

ಸಂಜೆ ಶಾಲೆಯಿಂದ ಬಂದ ಇಷ್ಬೆಲ್ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು. ಬ್ಯಾಗು ಹೆಗಲಿನಿಂದ ಜಾರಿ ಕೆಳಗೆ ಬಿತ್ತು. ನಿಧಾನವಾಗಿ ಕಾರಿನ ಹತ್ತಿರ ಬಂದು, ಬಾಗಿಲ ಅಂಚಿನ ಮೇಲೆ ಅಂಗೈ ಇಟ್ಟಳು.

"ಇಲ್ಲಿ ಅಮ್ಮನ ಮೊಳಕೈ ಇತ್ತು" ಎಂದಳು.

"ಏನಂದೆ, ಪುಟ್ಟಿ?"

"ಓಡಿಸೋವಾಗ ಅಮ್ಮ ಇಲ್ಲೇ ಮೊಳಕೈ ಊರ್ತಿದ್ಲು. ಯಾವಾಗ್ಲೂ. ಅದ್ರ ಗುರುತಿತ್ತು." ಹುಡುಗಿಯ ದನಿ ಏರಲಿಲ್ಲ. "ನೀವು ತೊಳೆದುಬಿಟ್ರಿ."

ಎಫಿಯ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಇಷ್ಬೆಲ್ ಬ್ಯಾಗು ಎತ್ತಿಕೊಂಡು ಹೊರಟವಳು ತಿರುಗಿ, "ಇನ್ನು ಎಣ್ಣೆಬಟ್ಟೆ ಸಾಲಲ್ಲಿ ಇದನ್ನ ನಿಲ್ಲಿಸೋಕೆ ಯಾರೂ ಬಿಡಲ್ಲ. ನಾಳೆ ಹೋಗೋದೇ ಬೇಡ" ಎಂದು ಹೇಳಿ ಒಳಗೆ ಹೋದಳು.

ಆ ಸಾಲಿನ ವಿಷಯ ಎಫಿಗೆ ಸರಿಯಾಗಿ ಗೊತ್ತಾದದ್ದು ಚಹಾದ ಹೊತ್ತಿಗೆ, ಮರ್ಡೋಗೆ ಫೋನು ಮಾಡಿದಾಗ. ಮರ್ಡೋ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕ, ಲೋರ್ನಾಳ ಹಳೆಯ ಗೆಳೆಯ, ಆ ಸಾಲಿನ ಯಜಮಾನ.

"ಪಾಲಿಷ್ ಹಾಕಿದ್ಯಾ?" ಎಂದ ಅವನು.

"ಹೂಂ. ಆಮೇಲೆ ವ್ಯಾಕ್ಸು."

"ಒಂದ್ಸಲಾನಾ?"

"ಎರಡು ಸಲ."

"ಅಯ್ಯೋ ದೇವ್ರೇ." ಆ ಕಡೆ ಕುರ್ಚಿ ಕಿರ್ರೆಂದ ಸದ್ದು. "ನೋಡಮ್ಮ, ಕೋಟೆ ಮುಂದಿನ ಹುಲ್ಲಲ್ಲಿ ನಿಲ್ಲುತ್ತಲ್ಲ, ಅವು ಮದುಮಕ್ಕಳು. ಹೊಸ ಬಣ್ಣ, ಹೊಸ ಸೀಟು. ಹಿಂದಿನ ಗೋಡೆ ಪಕ್ಕ ನಾವು. ನಮ್ಮ ಗಾಡಿಗಳನ್ನ ಎಣ್ಣೆಬಟ್ಟೆಲಿ ಒರೆಸ್ತೀವಿ, ಅಷ್ಟೇ. ಬಣ್ಣ ಹೋದ್ರೆ ಹೋಯ್ತು, ಚರ್ಮ ಹರಿದ್ರೆ ಹರೀತು. ಓಡಿಸಿದವರ ಗುರುತು ಅದ್ರ ಮೇಲಿರುತ್ತೆ. ಅದನ್ನ ಅಳಿಸೋದು ನಮ್ಮಲ್ಲಿಲ್ಲ."

"ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ ಮಾಡ್ತಿದ್ಯಾ? ಇರ್ಲಿ. ಕರ್ಕೊಂಡು ಬಾ, ನೋಡೋಣ. ಆದ್ರೆ ಲಾರಿ ಮೇಲೆ ಹೇರ್ಕೊಂಡು ಬರಬೇಡ. ನಮ್ಮ ಸಾಲಿಗೆ ಓಡಿಸ್ಕೊಂಡೇ ಬರಬೇಕು."

ಫೋನಿಡುವಷ್ಟರಲ್ಲಿ ಗ್ರೆಗರ್‌ನ ಕರೆ ಬಂತು. ಅವನ ಕೆಲಸ ನಡುಗಡಲಿನ ಎಣ್ಣೆ ಬಾವಿಯಲ್ಲಿ. ಮಂಜು ಮುಸುಕಿ ಹೆಲಿಕಾಪ್ಟರ್ ಹಾರುತ್ತಿಲ್ಲ, ನಾಳೆ ಬರಲಾಗುವುದಿಲ್ಲ ಎಂದ. ಎಫಿ ಕಾರಿನ ಕತೆ ಹೇಳಿದಳು. ಅವನು, "ಈ ವರ್ಷ ಬಿಟ್ಟುಬಿಡು ಎಫಿ, ಮುಂದಿನ ವರ್ಷ ನೋಡೋಣ" ಎಂದ.

ಎಫಿಗೆ ಮುಂದಿನ ವರ್ಷದ ಮೇಲೆ ನಂಬಿಕೆ ಇರಲಿಲ್ಲ. ಮತ್ತೆ ಬಾಗಿಲು ಮುಚ್ಚಿದರೆ ಮುಚ್ಚುವುದು ಶೆಡ್ಡಿನದೊಂದೇ ಅಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಹಡಿ ಹತ್ತಿ ಹುಡುಗಿಯ ಕೋಣೆಯ ಹೊರಗೆ ನಿಂತು, "ನಾಳೆ ನಾನು ಓಡಿಸ್ತೀನಿ. ಎಂಟು ಗಂಟೆಗೆ ಹೊರಡ್ತೀನಿ. ಬರೋದು ಬಿಡೋದು ನಿನ್ನಿಷ್ಟ" ಎಂದಳು.

ಕೆಳಗಿಳಿದು ಬುತ್ತಿಗೆಂದು ಕಡುಬಿನ ಗಂಟು ಕಟ್ಟಿ ಬೇಯಲಿಟ್ಟಳು.

ಬೆಳಿಗ್ಗೆ ಎಫಿ ಬುತ್ತಿ ಕಟ್ಟಿ ಹಿಂದಿನ ಸೀಟಿನಲ್ಲಿಟ್ಟು, ಮುಂದೆ ಕೂತು, ಸ್ಟೀರಿಂಗ್ ಚಕ್ರ ಹಿಡಿದು, ಕೀಲಿ ಎಲ್ಲಿದೆ ಎಂದು ತಡಕಾಡುತ್ತಿರುವಾಗ ಮೆಟ್ಟಿಲ ಮೇಲೆ ಇಷ್ಬೆಲ್ ಕಾಣಿಸಿಕೊಂಡಳು. ದಪ್ಪ ಕೋಟು ಹಾಕಿಕೊಂಡು, ಕೂದಲು ಕಟ್ಟಿಕೊಂಡು ಬಂದಿದ್ದಳು.

"ಕೀಲಿ ಇಲ್ಲ ಇದ್ರಲ್ಲಿ."

"ಮತ್ತೆ?"

"ಹ್ಯಾಂಡಲ್ ಹೊಡೀಬೇಕು." ಅವಳು ಸೀಟಿನಡಿಯಿಂದ ಕಬ್ಬಿಣದ ಹ್ಯಾಂಡಲ್ ಎಳೆದಳು. "ಗೇರೆಲ್ಲ ಪುಡಿ ಮಾಡ್ತೀರಿ ಅಂತ ಬಂದೆ. ಬೇರೆ ಏನಿಲ್ಲ."

"ಅಷ್ಟು ಸಾಕು" ಎಂದಳು ಎಫಿ.

ಇಷ್ಬೆಲ್ ಮುಂದೆ ಬಗ್ಗಿ ಹ್ಯಾಂಡಲ್ ಹೊಡೆದಳು. ಕ್ಲೂಟಿ ಕೆಮ್ಮಿತು, ಸೀನಿತು, ಆಮೇಲೆ ಮೈಯೆಲ್ಲ ಅಲುಗಿಸಿಕೊಂಡು ಎದ್ದಿತು. ಹುಡುಗಿ ಓಡಿ ಬಂದು ಪಕ್ಕದಲ್ಲಿ ಹತ್ತಿ ಕೂತಳು.

"ಕೇಳಿ. ಎಡಗಡೆ ಕ್ಲಚ್ಚು. ನಡುವೆ ಇರೋದು ಬ್ರೇಕಲ್ಲ, ಆಕ್ಸಿಲರೇಟರು. ಬಲಗಡೆದು ಬ್ರೇಕು. ನಡುವಿನದು ಬ್ರೇಕಲ್ಲ. ಹೇಳಿ?"

"ನಡುವಿನದು ಬ್ರೇಕಲ್ಲ."

ಹೇಳುವುದೇನೋ ಸುಲಭ. ಆದರೆ ಇಪ್ಪತ್ತು ವರ್ಷ ಬೇರೆ ಕಾರು ಓಡಿಸಿದ ಕಾಲಿಗೆ ತಲೆಯ ಮಾತು ಕೇಳಿಸುವುದಿಲ್ಲ. ಮೊದಲ ತಿರುವಿನಲ್ಲೇ ಕುರಿಗಳ ಹಿಂಡು ಎದುರಾಯಿತು. ಎಫಿ ಗಾಬರಿಯಲ್ಲಿ ನಡುವಿನದನ್ನೇ ಒತ್ತಿದಳು. ಕ್ಲೂಟಿ ಘರ್ಜಿಸಿ ಮುಂದಕ್ಕೆ ಹಾರಿತು. ಕುರಿಗಳು ದಿಕ್ಕಾಪಾಲಾದವು. ಇಷ್ಬೆಲ್ ಎಫಿಯ ಮಡಿಲ ಮೇಲೆ ಬಾಗಿ, ಬಾಗಿಲಾಚೆಯ ಹ್ಯಾಂಡ್‌ಬ್ರೇಕನ್ನು ಎರಡು ಕೈಯಲ್ಲಿ ಎಳೆದಾಗ ಕಾರು ಬೇಲಿಯಲ್ಲಿ ಮೂತಿಯಿಟ್ಟು ನಿಂತಿತು.

ಬೇಲಿಯಾಚೆ ಕುರಿ ಕಾಯುವವನು ಪೈಪು ಬಾಯಿಂದ ತೆಗೆದು, "ಅಕ್ಕಾವ್ರೇ, ಕುರಿ ಬೇಕಿದ್ರೆ ಕೇಳಿ ತಗೋಬಹುದಿತ್ತು, ಅಟ್ಟಿಸ್ಕೊಂಡು ಬರೋದ್ಯಾಕೆ?" ಎಂದ.

ಎಫಿ ಕೆಂಪಗಾದಳು. ಪಕ್ಕಕ್ಕೆ ಓರೆಗಣ್ಣಿನಲ್ಲಿ ನೋಡಿದಳು. ಇಷ್ಬೆಲ್ ತುಟಿ ಕಚ್ಚಿಕೊಂಡು ರಸ್ತೆಯ ಕಡೆ ನೋಡುತ್ತಿದ್ದಳು.

ದೊಡ್ಡ ರಸ್ತೆಯಲ್ಲಿ ಕೂಟಕ್ಕೆ ಹೊರಟ ಜನರ ಕಾರುಗಳು ಸಾಲುಗಟ್ಟಿ ನಿಂತಿದ್ದವು. ನಿಂತು ನಿಂತು ಹೋದರೆ ಎಂಜಿನ್ ಕಾದು ಕುದಿಯುತ್ತದೆ ಎಂದು ಇಷ್ಬೆಲ್ ಗುಡ್ಡದ ಹಳೆಯ ದಾರಿಗೆ ತಿರುಗಿಸಲು ಹೇಳಿದಳು. ಏರು ಶುರುವಾಯಿತು. ಗೇರು ಬದಲಿಸುವಾಗಲೆಲ್ಲ ಹಲ್ಲು ಕಡಿದ ಸದ್ದು. ಪ್ರತಿ ಸದ್ದಿಗೂ ಇಷ್ಬೆಲ್ ತನ್ನ ಹಲ್ಲೇ ನೋಯುತ್ತಿರುವಂತೆ ಮುಖ ಹಿಂಡಿದಳು.

"ಎರಡು ಸಲ ಕ್ಲಚ್ ಒತ್ತಬೇಕು ಅಂದ್ನಲ್ಲ? ಒಂದ್ಸಲ ಒತ್ತಿ, ಗೇರ್ ತೆಗೆದು, ಬಿಡಿ. ಈಗ ಕಾಯಿರಿ. ಕಾಯಿರಿ ಅಂದ್ರೆ! ಅದು ಗೊಣಗಾಡ್ತಿದೆ ಇನ್ನೂ. ಗೊಣಗಾಟ ಮುಗೀಲಿ. ಮುಗೀತು, ಈಗ ಒತ್ತಿ, ಹಾಕಿ. ಅಜ್ಜಿ ಕೈ ಹಿಡ್ಕೊಂಡು ರಸ್ತೆ ದಾಟಿಸ್ದ ಹಾಗೆ. ಜಗ್ಗಬಾರ್ದು!"

ಈ ಸಲ ಗೇರು ಸದ್ದೇ ಇಲ್ಲದೆ ಒಳಗೆ ಜಾರಿತು.

"ಆಹಾ!" ಎಂದಳು ಎಫಿ. "ಅಜ್ಜಿ ಕೈ ಹಿಡ್ಕೊಂಡ ಹಾಗೆ. ಎಷ್ಟು ಚೆನ್ನಾಗಿ ಹೇಳಿದೆ."

"ನಾನಲ್ಲ ಹೇಳಿದ್ದು. ಅಮ್ಮ..." ಎಂದ ಇಷ್ಬೆಲ್ ಗುಡ್ಡದ ಕಡೆ ಮುಖ ತಿರುಗಿಸಿದಳು. ಹೊರಗೆ ಹಸಿರು ಗುಡ್ಡಗಳು ನಿಧಾನವಾಗಿ ಹಿಂದೆ ಸರಿಯುತ್ತಿದ್ದವು. ಮುಂದಿನ ತಿರುವಿನಲ್ಲಿ ಅವಳೇ, "ಅಮ್ಮನ ದನಿ ಮರ್ತುಹೋಗ್ತಿದೆ ಅಂತ ಭಯ ಆಗ್ತಿತ್ತು ನಂಗೆ. ಈಗ ಹೇಳೋವಾಗ ಕೇಳಿಸ್ದ ಹಾಗಾಯ್ತು" ಎಂದಳು.

ಎಫಿ ಎರಡೂ ಕೈಯಲ್ಲಿ ಚಕ್ರ ಹಿಡಿದು, "ಮುಂದಿನ ಗೇರಿಗೆ ಏನು ಮಾಡ್ಬೇಕು ಹೇಳು" ಎಂದಷ್ಟೇ ಕೇಳಿದಳು.

ಗುಡ್ಡ ಇಳಿದ ಕಡೆ ಹಳ್ಳವೊಂದು ದಾರಿಗೆ ಅಡ್ಡ ಹರಿಯುತ್ತಿತ್ತು. ಸೇತುವೆ ಇಲ್ಲ. ಬೇಸಗೆಯಲ್ಲಿ ಕಣಕಾಲು ಮುಳುಗದಷ್ಟು ನೀರು ಇರುವ ಜಾಗ, ಆ ವಾರದ ಮಳೆಗೆ ಕೆಂಪಗೆ ತುಂಬಿ ಬಂದಿತ್ತು. ಎಫಿ ಕಾರು ನಿಲ್ಲಿಸಿದಳು, ಈ ಸಲ ಸರಿಯಾದ ಪೆಡಲ್ ಒತ್ತಿ.

"ದಾಟುತ್ತಾ?"

"ನಡುವೆ ನಿಲ್ಲಿಸದಿದ್ರೆ ದಾಟುತ್ತೆ. ಕಾಲು ತೆಗೆದ್ರೆ ಮುಗೀತು."

ಕ್ಲೂಟಿ ನೀರಿಗಿಳಿಯಿತು. ಎರಡೂ ಕಡೆ ಕೆಸರುನೀರು ರೆಕ್ಕೆಯಂತೆ ಎದ್ದು ಮೈಮೇಲೆ ಬಿತ್ತು. ತಣ್ಣನೆಯ ನೀರು ಮುಖಕ್ಕೆ ಹೊಡೆದಾಗ ಎಫಿಯ ಕಾಲು ತಾನಾಗಿ ಮೇಲೆದ್ದಿತು. ಎಂಜಿನ್ ತೊದಲಿತು.

"ಬಿಡಬೇಡ! ಒತ್ತು ಎಫಿ, ಒತ್ತು! ನಡುವಿನದು! ನಿಂಗೆ ಬರುತ್ತೆ, ಒತ್ತೇ!"

ಎಫಿ ಕಣ್ಣು ಮುಚ್ಚಿಕೊಂಡು ಒತ್ತಿದಳು. ಕಾರು ಕಲ್ಲುಗಳ ಮೇಲೆ ಕುಣಿದು, ಜಾರಿ, ಮತ್ತೆ ನೆಲ ಕಚ್ಚಿ, ಆಚೆ ದಡ ಹತ್ತಿತು. ಹತ್ತಿದ್ದೇ ಹೊಗೆ ಬಿಟ್ಟು ನಿಂತಿತು.

ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು. ಎಫಿಯ ಹುಬ್ಬಿನಿಂದ ಕೆಸರು ಇಳಿಯುತ್ತಿತ್ತು. ಇಷ್ಬೆಲ್ ಅವಳನ್ನು ನೋಡಿ, ಬಾನೆಟ್ಟಿನ ಮೇಲೆ ಹರಡಿದ ಕೆಸರನ್ನು ನೋಡಿ, "ಎರಡು ಸಲ ವ್ಯಾಕ್ಸು!" ಎಂದು ನಗಲು ಶುರುಮಾಡಿದಳು. ಎಫಿಗೂ ನಗು ಬಂತು. ನಗುತ್ತ ನಗುತ್ತ ಯಾವಾಗಲೋ ಹುಡುಗಿ ಅಳತೊಡಗಿದ್ದಳು. ಎಫಿ ತನ್ನ ಶಾಲಿನ ನೆನೆಯದ ತುದಿ ಹುಡುಕಿ ಅವಳ ಮುಖ ಒರೆಸಿದಳು. ಇಷ್ಬೆಲ್ ಮುಖ ತಿರುಗಿಸಲಿಲ್ಲ.

"ಆ ಗುರುತು ಮತ್ತೆ ತಂದ್ಕೊಡೋಕೆ ನನ್ ಕೈಲಿ ಆಗಲ್ಲ, ಪುಟ್ಟಿ" ಎಂದಳು ಎಫಿ.

"ಗೊತ್ತು. ಸುಮ್ನೆ ಕೂತ್ಕೊ. ಎಂಜಿನ್ ತಣ್ಣಗಾಗ್ಲಿ."

ಅವರು ಕೋಟೆ ಮುಟ್ಟುವಾಗ ಮೋಡ ಹರಿದು ಬಿಸಿಲು ಬಿದ್ದಿತ್ತು. ಬುರುಜಿನ ಮೇಲೆ ಬಾವುಟ, ಮುಂದಿನ ಹುಲ್ಲಿನ ಮೇಲೆ ಕಣ್ಣು ಕುಕ್ಕುವ ಕಾರುಗಳು, ಅವುಗಳ ನಡುವೆ ಟ್ವೀಡ್ ಉಣ್ಣೆಯ ಟೋಪಿಗಳು, ಹುರಿದ ಸಾಸೇಜಿನ ವಾಸನೆ. ಎಫಿ ಯಾವುದನ್ನೂ ನೋಡದೆ ನೇರ ಹಿಂಬದಿಗೆ, ಗೋಡೆಯ ಪಕ್ಕಕ್ಕೆ ಓಡಿಸಿದಳು. ಅಲ್ಲಿ ತುಕ್ಕು ತಿಂದ, ಬಣ್ಣ ಕಳೆದುಕೊಂಡ ಹಳೆಯ ಗಾಡಿಗಳು ನಿಂತಿದ್ದವು. ಅವುಗಳ ಹಿಂದೆ ಮಡಚು ಕುರ್ಚಿ ಹಾಕಿಕೊಂಡು, ಮೊಣಕಾಲ ಮೇಲೆ ಕಂಬಳಿ ಹೊದ್ದುಕೊಂಡು, ಮುದುಕ ಮುದುಕಿಯರು ಚಹಾ ಕುಡಿಯುತ್ತಿದ್ದರು.

ಮರ್ಡೋ ಎದ್ದು ಬಂದ. ಕೆಸರಿನ ಮೇಲೆ ಬೆರಳಾಡಿಸಿ ಉಗುರಿನಿಂದ ಕೆರೆದ. ಅಡಿಯಲ್ಲಿ ಪಳಪಳ ಹೊಳೆಯಿತು.

"ಹಳ್ಳದ ದಾರೀಲಿ ಬಂದ್ರಾ?"

"ಹೂಂ, ಅಂಕಲ್ ಮರ್ಡೋ" ಎಂದಳು ಇಷ್ಬೆಲ್.

"ಇವಳೇ ಓಡಿಸಿದ್ಲಾ?"

"ಅವಳೇ."

ಕುರ್ಚಿಯಲ್ಲಿದ್ದ ಮಿಸೆಸ್ ಪಿರೀ ಎಂಬ ಮುದುಕಿ ಕೂಗಿ ಹೇಳಿದಳು: "ಬಿಟ್ಟುಕೊಳ್ಳೋ ಮರ್ಡೋ! ಲೋರ್ನಾ ಗಾಡಿ ಅದು."

"ಲೋರ್ನಾ ಗಾಡಿ ಅಂತಲೇ ಯೋಚನೆ ಮಾಡ್ತಿರೋದು" ಎಂದ ಮರ್ಡೋ. ಟೋಪಿ ತೆಗೆದು ತಲೆ ಕೆರೆದುಕೊಂಡ. "ಹೋದ ಸಲ ಆ ಬ್ಯಾಂಕಿನವನು ಬಣ್ಣ ಬಳ್ಕೊಂಡು ಬಂದಾಗ, ಆಗಲ್ಲ ಅಂದ್ವಿ. ಈಗ ನಮ್ಮವರು ಅಂತ ಹೂಂ ಅಂದ್ರೆ ಲೋರ್ನಾನೇ ನನ್ನ ಬೈತಿದ್ಲು. ಇಲ್ಲ ಪುಟ್ಟಿ. ಈ ವರ್ಷ ಆಗಲ್ಲ."

ಇಷ್ಟು ದೂರ ಬಂದದ್ದು ಈ ಮಾತು ಕೇಳುವುದಕ್ಕೇ? ಹುಡುಗಿಯ ಮುಖ ಮತ್ತೆ ಬಾಡಿಗೆಯವಳ ಮುಖವಾಗುವುದನ್ನು ಕಾಯುತ್ತ ಎಫಿ ಚಕ್ರದ ಮೇಲಿನ ತನ್ನ ಕೈಯನ್ನೇ ನೋಡುತ್ತ ಕೂತಳು.

ಅಷ್ಟರಲ್ಲಿ ತೋಳಿಗೆ ಪಟ್ಟಿ ಕಟ್ಟಿಕೊಂಡ ಕೂಟದ ಸ್ವಯಂಸೇವಕನೊಬ್ಬ ಓಡಿ ಬಂದ. "ಮೇಡಂ, ರೇಡಿಯೇಟರ್ ಏನ್ ಹೊಳೀತಿದೆ! ಸ್ವಲ್ಪ ತೊಳ್ಕೊಂಡು ಮುಂದಿನ ಹುಲ್ಲಿಗೆ ತನ್ನಿ. ನೀರು ಅಲ್ಲಿದೆ."

"ತೊಳೆಯೋದು ಸಾಕಾಗಿದೆ!" ಎಂದಳು ಇಷ್ಬೆಲ್.

ಗೋಡೆ ಪಕ್ಕದವರೆಲ್ಲ ಗೊಳ್ಳೆಂದು ನಕ್ಕರು. ಇಷ್ಬೆಲ್ ಸುತ್ತ ಕಣ್ಣಾಡಿಸಿ, ಎರಡೂ ಬಯಲುಗಳ ನಡುವೆ ಇದ್ದ ದೊಡ್ಡ ಮರವನ್ನು ತೋರಿಸಿದಳು. "ಅಲ್ಲಿ ನಿಲ್ಸು, ಎಫಿ. ಅದು ಯಾರ ಸಾಲೂ ಅಲ್ಲ."

ಮರದಡಿ ಕಾರು ನಿಲ್ಲಿಸಿ, ಕಂಬಳಿ ಹಾಸಿ, ಎಫಿ ಬುತ್ತಿ ಬಿಚ್ಚಿದಳು. ಮೊಟ್ಟೆಯ ಸ್ಯಾಂಡ್‌ವಿಚ್‌ಗಳು ನೆನೆದು ಮುದ್ದೆಯಾಗಿದ್ದವು. ಬಟ್ಟೆಯಲ್ಲಿ ಕಟ್ಟಿದ ಕಡುಬು ಮಾತ್ರ ಜಗ್ಗಿರಲಿಲ್ಲ. ಅದನ್ನು ಕತ್ತರಿಸುತ್ತಿರುವಾಗ ಹುಲ್ಲಿನ ಮೇಲೆ ಏನೋ ಎಳೆದ ಸದ್ದು ಕೇಳಿ ತಲೆಯೆತ್ತಿದರೆ, ಮರ್ಡೋ ತನ್ನ ಕುರ್ಚಿ ಎಳೆದುಕೊಂಡು ಬರುತ್ತಿದ್ದ. ಅವನ ಹಿಂದೆ ಮಿಸೆಸ್ ಪಿರೀ, ಅವಳ ಹಿಂದೆ ಇನ್ನೂ ಕೆಲವರು.

"ಗಾಡಿಗೆ ಜಾಗ ಇಲ್ಲ ಅಂದೆ" ಎಂದ ಮರ್ಡೋ, ಕಡುಬಿನ ಮೇಲೆ ಕಣ್ಣಿಟ್ಟು. "ನಾವು ಬರಲ್ಲ ಅಂದ್ನಾ?"

"ಅವನು ಬಂದಿರೋದು ಕಡುಬಿಗೆ" ಎಂದಳು ಮಿಸೆಸ್ ಪಿರೀ. "ದೊಡ್ಡ ತುಂಡು ಕೊಡಬೇಡಮ್ಮ, ಸಕ್ಕರೆ ಕಾಯಿಲೆ."

"ಇವಳು ನನ್ನ ಹೆಂಡ್ತಿ ಆಗದೆ ಬಚಾವಾದೆ" ಎಂದು ಮರ್ಡೋ ಎಫಿಗೆ ಹೇಳಿ, ದೊಡ್ಡ ತುಂಡನ್ನೇ ಎತ್ತಿಕೊಂಡ.

ಬಾಯಿ ಖಾಲಿಯಾದ ಮೇಲೆ ಇಷ್ಬೆಲ್ ಕೇಳಿದಳು: "ಮತ್ತೆ ಯಾವಾಗ ಬರಬಹುದು, ಸಾಲಿಗೆ?"

"ಈ ಹೊಳಪು ಹೋಗ್ಬೇಕು. ಒಂದು ನಾಲ್ಕೈದು ವರ್ಷದ ಬಿಸಿಲು, ಮಳೆ. ಶೆಡ್ಡಲ್ಲಿ ನಿಲ್ಸಿದ್ರೆ ನೂರು ವರ್ಷ ಆದ್ರೂ ಹೋಗಲ್ಲ. ಓಡಿಸ್ಬೇಕು. ಅಂಗಡಿಗೆ, ಚರ್ಚಿಗೆ, ಎಲ್ಲಾ ಕಡೆಗೂ."

ಇಷ್ಬೆಲ್ ಹುಲ್ಲಿನ ಎಳೆಯೊಂದನ್ನು ಬೆರಳಿಗೆ ಸುತ್ತುತ್ತ ಯೋಚಿಸಿದಳು. "ನವೆಂಬರಿಗೆ ನಂಗೆ ಹದಿನೇಳು. ಲೈಸೆನ್ಸಿಗೆ ಕಲೀಬಹುದು."

ಎಫಿ ತಲೆಯಾಡಿಸಿದಳು. ಹುಡುಗಿಯೇ ಓಡಿಸುವಂತಾದರೆ ಪಕ್ಕದ ಸೀಟಿನಲ್ಲಿ ಇನ್ನು ಯಾರು ಬೇಕು ಎಂಬ ಯೋಚನೆ ಬಂದು ಹೋಯಿತು. "ಒಳ್ಳೇದೇ ಆಯ್ತು. ಆಮೇಲೆ ನೀನೇ ಓಡಿಸ್ಕೊಂಡು..."

"ಅಷ್ಟರವರೆಗೆ ಯಾರು ಓಡಿಸ್ತಾರೆ?" ಇಷ್ಬೆಲ್ ಅವಳ ಮಾತು ತುಂಡರಿಸಿದಳು. "ಮತ್ತೆ ಕಲಿಯೋವಾಗ ಪಕ್ಕದಲ್ಲಿ ದೊಡ್ಡವರು ಇರ್ಬೇಕು, ಕಾನೂನು. ಅಪ್ಪ ಅರ್ಧ ತಿಂಗಳು ಸಮುದ್ರದಲ್ಲಿ. ಶನಿವಾರ ಶನಿವಾರ ಸಂತೆಗೆ ಇದ್ರಲ್ಲೇ ಹೋಗೋಣ. ನೀನು ಮೂರನೇ ಗೇರು ಇನ್ನೂ ಸರಿಯಾಗಿ ಕಲಿತಿಲ್ಲ."

"ಮೂರನೆಯದು ಕಷ್ಟ" ಎಂದಳು ಎಫಿ. ಕಡುಬಿನ ಇನ್ನೊಂದು ತುಂಡು ಕತ್ತರಿಸಿ ಹುಡುಗಿಯ ತಟ್ಟೆಗಿಟ್ಟಳು.

ಮಧ್ಯಾಹ್ನದ ಮೆರವಣಿಗೆಗೆ ಕಹಳೆ ಮೊಳಗಿತು. ಕೋಟೆಯ ಮೆಟ್ಟಿಲ ಮುಂದೆ ಕಾರುಗಳೆಲ್ಲ ಒಂದೊಂದಾಗಿ ಹಾದುಹೋಗಬೇಕು. ಯಾವ ಸಾಲಿನದಾದರೂ ಸರಿ. ಮೈಕು ಹಿಡಿದವನು ಬೆವರು ಒರೆಸಿಕೊಳ್ಳುತ್ತ ಮರದಡಿಗೆ ಬಂದ.

"ಈ ಕೆಸರಿನ ರಾಣಿ ಹೆಸರೇನು?"

"ಕ್ಲೂಟಿ" ಎಂದಳು ಇಷ್ಬೆಲ್.

"ಯಾರದ್ದು ಅಂತ ಕೂಗ್ಲಿ?"

ಎಫಿ ತಟ್ಟೆಗಳನ್ನು ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

"ನಮ್ದು" ಎಂದಳು ಇಷ್ಬೆಲ್.

"ನಮ್ದು ಅಂದ್ರೆ? ಹೆಸರು ಹೇಳಮ್ಮ, ಹಿಂದೆ ಮೂವತ್ತು ಗಾಡಿ ಕಾಯ್ತಿವೆ."

"ಅಮ್ಮ ಲೋರ್ನಾ, ಅವಳದು. ಆಮೇಲೆ ನಂದು. ಓಡಿಸ್ತಿರೋಳು ಎಫಿ. ಮೂರೂ ಕೂಗಿ."

"ಒಂದು ಗಾಡಿಗೆ ಮೂರು ಹೆಸರಾ?"

"ಕೂಗೋ ಮಾರಾಯ, ನಿನ್ನ ಗಂಟೇನು ಹೋಗುತ್ತೆ" ಎಂದ ಮರ್ಡೋ.

ಎಫಿ ಓಡಿ ಹೋಗಿ ಚಕ್ರದ ಮುಂದೆ ಕೂತಳು. ಮಡಿಲಲ್ಲಿ ಕಡುಬಿನ ಪುಡಿ, ಕೂದಲಲ್ಲಿ ಒಣಗಿದ ಕೆಸರು. ಇಷ್ಬೆಲ್ ಹ್ಯಾಂಡಲ್ ಹೊಡೆದು, ಹಾರಿ ಪಕ್ಕಕ್ಕೆ ಬಂದಳು. ಎಫಿ ಕ್ಲಚ್ ಬಿಟ್ಟಳು. ಕಾರು ಒಮ್ಮೆ ಮೈಮುರಿದು ಆರಿಹೋಯಿತು. ಮರದಡಿಯಿಂದ ಚಪ್ಪಾಳೆ, ಶಿಳ್ಳೆ.

"ಪರವಾಗಿಲ್ಲ" ಎಂದು ಇಷ್ಬೆಲ್ ಮತ್ತೆ ಕೆಳಗಿಳಿದಳು. "ಅವಸರ ಇಲ್ಲ. ನಾನು ಹೇಳಿದಾಗ ಬಿಡು."

ಅವಳು ಮತ್ತೆ ಹ್ಯಾಂಡಲ್ ಹೊಡೆದು, ಪಕ್ಕದಲ್ಲಿ ಹತ್ತಿ ಕೂತಳು. ಎಫಿ ಕಾಲು ಊರಿಕೊಂಡು, ಆ ಹುಡುಗಿಯ ಬಾಯನ್ನೇ ನೋಡುತ್ತ ಕಾದಳು.

"ಈಗ" ಎಂದಳು ಇಷ್ಬೆಲ್.